ಹುಲ್ಲಿನ ಪೆಂಡಿಗೂ ಬೇಕು ರಹದಾರಿ

ಲೆಕ್ಕಕ್ಕೆ ಬಾರದ ಸಂಗತಿಯನ್ನು ‘ತೃಣಸಮಾನ’ ಎಂದು ತಳ್ಳಿಹಾಕುವುದು ನಮ್ಮ ವಾಡಿಕೆ. ಆದರೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಅರಣ್ಯ ಕಾಯುವವರಿಗೆ ತೃಣವೆಂಬುದು ಅಷ್ಟು ಹಗುರವಾದ ವಸ್ತುವಲ್ಲ. ಕೊಲರಾಡೊ ರಾಜ್ಯದ ಯಾವುದೇ ರಾಷ್ಟ್ರೀಯ ಅರಣ್ಯದೊಳಕ್ಕೆ ಕುದುರೆಯೊಂದಿಗೆ ಹೋಗಬಯಸುವವನು, ಆ ಕುದುರೆಗೆಂದು ಒಯ್ಯುವ ಒಣಹುಲ್ಲು ‘ಕಳೆರಹಿತ’ ಎಂಬ ಪ್ರಮಾಣಪತ್ರ ಪಡೆದಿರಬೇಕು. ಪ್ರಮಾಣೀಕರಿಸದ ಹುಲ್ಲನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ. ಅದಕ್ಕೆ ವ್ಯಕ್ತಿಯೊಬ್ಬನಿಗೆ 5,000 ಡಾಲರ್‌ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಅವಕಾಶವಿದೆ. ಮನುಷ್ಯ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಡದ ದೇಶದಲ್ಲಿ ಹುಲ್ಲಿಗೊಂದು ಕಾಗದ, ಕುದುರೆಗೆ ಮೂರು ಕಾಗದ! ಮೊದಲ ಬಾರಿ ಕೇಳಿದವರಿಗೆ ಇದು ಅಧಿಕಾರಶಾಹಿಯ ಅತಿರೇಕವೆಂದೇ ತೋರುತ್ತದೆ. ಹಾಗೆ ತೋರುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಕಾಗದಗಳ ಹಿಂದಿರುವ ತರ್ಕ, ನಮ್ಮ ಹೊಲಗಳ ಬದುವಿನಲ್ಲಿ ಇಂದಿಗೂ ಬೆಳೆಯುತ್ತಿರುವ ಒಂದು ಹಳೆಯ ತಪ್ಪಿನ ಕಡೆಗೆ ಬೊಟ್ಟು ಮಾಡುತ್ತದೆ.

ಹದಿನೈದು ವರ್ಷಗಳಿಂದ ಕೊಲರಾಡೊದಲ್ಲಿ ನೆಲೆಸಿರುವ ನನಗೆ ಕುದುರೆಯ ನಂಟು ಬೆಳೆದದ್ದು ನೆರೆಯ ರೈತರೊಬ್ಬರಿಂದ. ಅವರು ಹುಲ್ಲು ಬೆಳೆದು ಮಾರುವವರು. ಲಾಯದಲ್ಲಿ ನಾಲ್ಕು ಕುದುರೆಗಳನ್ನೂ ಒಂದು ಹೇಸರಗತ್ತೆಯನ್ನೂ ಸಾಕಿಕೊಂಡಿದ್ದಾರೆ. ಬೇಸಿಗೆ ಬಂತೆಂದರೆ ಕುದುರೆಗಳನ್ನು ಟ್ರೇಲರ್‌ಗೆ ಹತ್ತಿಸಿ, ನೂರಾರು ಕಿಲೊಮೀಟರ್ ಕ್ರಮಿಸಿ, ಬೆಟ್ಟದ ಹಾದಿಯ ಬುಡದಲ್ಲಿ ಇಳಿಸಿ, ಮೂರು ನಾಲ್ಕು ದಿನ ಕಾಡಿನಲ್ಲಿ ಸವಾರಿ ಮಾಡುವುದು ಇಲ್ಲಿನ ಸಾವಿರಾರು ಕುಟುಂಬಗಳ ಹವ್ಯಾಸ. ಇದನ್ನು ಸಿರಿವಂತರ ವಿಲಾಸವೆಂದು ಭಾವಿಸಬೇಕಾಗಿಲ್ಲ. ಶಾಲಾ ಶಿಕ್ಷಕರು, ಬಡಗಿಗಳು, ನಿವೃತ್ತ ಚಾಲಕರು ಈ ಹಾದಿಗಳಲ್ಲಿ ನನಗೆ ಜೊತೆಯಾಗಿದ್ದಾರೆ.

ಹಾದಿಗಳೂ ಸಾಮಾನ್ಯವಾದವಲ್ಲ. ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಒಟ್ಟು ವಿಸ್ತಾರ ಸುಮಾರು 19 ಕೋಟಿ ಎಕರೆ. ಅದರಲ್ಲಿ ಗಣನೀಯ ಭಾಗ 1964ರ ವನ್ಯಪ್ರದೇಶ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಅಲ್ಲಿ ಮೋಟಾರು ವಾಹನ ನಿಷಿದ್ಧ, ಸೈಕಲ್ ಕೂಡ ನಿಷಿದ್ಧ. ಹಾದಿಗೆ ಅಡ್ಡಬಿದ್ದ ಮರವನ್ನು ಕತ್ತರಿಸಲು ಸಾಮಾನ್ಯವಾಗಿ ಯಂತ್ರಗರಗಸವನ್ನು ಬಳಸುವಂತಿಲ್ಲ. ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಗರಗಸವೇ ಗತಿ. ಆ ಗರಗಸವನ್ನೂ, ಕೆಲಸಗಾರರ ದಿನಸಿಯನ್ನೂ ಹೊತ್ತು ಸಾಗಲು ಇಂದಿಗೂ ಕುದುರೆ ಮತ್ತು ಹೇಸರಗತ್ತೆಗಳೇ ಬೇಕು. ಅಂದರೆ ಕುದುರೆ ಈ ಕಾಡಿಗೆ ಬರುವ ಅತಿಥಿ ಮಾತ್ರವಲ್ಲ, ಕಾಡಿನ ಪಾಲನೆಯಲ್ಲಿ ಕೂಲಿಯಾಳೂ ಹೌದು. ಹಾಗಾಗಿ ಕುದುರೆಯನ್ನೇ ಹೊರಗಿಡುವ ಮಾತು ಇಲ್ಲಿ ಸಲ್ಲದು. ಅದು ಬರಲಿ, ಆದರೆ ಬರುವಾಗ ಬೇಡದ್ದನ್ನು ಹೊತ್ತು ತರದಿರಲಿ ಎಂಬುದಷ್ಟೇ ನಿಯಮದ ಆಶಯ.

ಏನದು ಬೇಡದ್ದು? ಸುಮಾರು 450 ಕಿಲೊ ತೂಕದ ಕುದುರೆ ದಿನಕ್ಕೆ ಏಳರಿಂದ ಒಂಬತ್ತು ಕಿಲೊ ಒಣಹುಲ್ಲು ತಿನ್ನುತ್ತದೆ. ಎರಡು ಕುದುರೆಗಳ ಮೂರು ದಿನದ ಪ್ರವಾಸಕ್ಕೆ ಸುಮಾರು ಐವತ್ತು ಕಿಲೊ ಹುಲ್ಲು ಬೇಕು. ಎಲ್ಲೋ ಒಂದು ಹೊಲದಲ್ಲಿ ಕಳೆಯೊಡನೆ ಕೊಯ್ದು ಕಟ್ಟಿದ ಹುಲ್ಲಿನಲ್ಲಿ ಆ ಕಳೆಯ ಬೀಜಗಳು ಎಷ್ಟಿವೆಯೆಂದು ಕಣ್ಣಿನಿಂದ ನೋಡಿ ಹೇಳಲಾಗದು. ತಿಂದ ಬೀಜಗಳಲ್ಲಿ ಹಲವು ಕುದುರೆಯ ಕರುಳನ್ನು ದಾಟಿಯೂ ಜೀವಂತವಾಗಿ ಉಳಿಯುತ್ತವೆ. ಎರಡರಿಂದ ನಾಲ್ಕು ದಿನಗಳಲ್ಲಿ ಲದ್ದಿಯೊಡನೆ ಹೊರಬೀಳುತ್ತವೆ. ಬಿದ್ದ ಕಡೆ ನೀರೂ ಗೊಬ್ಬರವೂ ಸಿದ್ಧವಾಗಿರುತ್ತದೆ. ನಿಸರ್ಗದಲ್ಲಿ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಸಾರಿಗೆ ವ್ಯವಸ್ಥೆ ಸಿಗುವುದು ಕಷ್ಟ.

ಈ ಕಾರಣದಿಂದಲೇ ಪ್ರಮಾಣೀಕರಣ ಹುಲ್ಲಿನ ಅಂಗಡಿಯಲ್ಲಿ ನಡೆಯುವುದಿಲ್ಲ, ಹೊಲದಲ್ಲಿ ನಡೆಯುತ್ತದೆ. ಕೊಯ್ಲಿಗೆ ಹತ್ತು ದಿನಗಳೊಳಗೆ ತಪಾಸಕ ಹೊಲವನ್ನೂ ಅದರ ಅಂಚನ್ನೂ ನಡೆದು ನೋಡುತ್ತಾನೆ. ಪಟ್ಟಿಯಲ್ಲಿರುವ ಕಳೆಗಳು ಬೀಜ ಕಟ್ಟುವ ಹಂತದಲ್ಲಿ ಇಲ್ಲವೆಂದು ಖಾತರಿಯಾದ ಮೇಲೆ ಬೆಳೆಗಾರನಿಗೆ ಪ್ರಮಾಣಪತ್ರ ಸಿಗುತ್ತದೆ. ಆ ಹುಲ್ಲಿನ ಪೆಂಡಿಗಳನ್ನು ಸಾಮಾನ್ಯವಾಗಿ ನೇರಳೆ ಮತ್ತು ಹಳದಿ ಎಳೆಗಳನ್ನು ಹೊಸೆದ ಹುರಿಯಿಂದ ಕಟ್ಟುತ್ತಾರೆ. ಅರಣ್ಯ ಸಿಬ್ಬಂದಿಗೆ ದೂರದಿಂದಲೇ ಗುರುತು ಸಿಗಲೆಂದು ಈ ಬಣ್ಣ. ಕೊಲರಾಡೊ 1993ರಲ್ಲಿ, ಮೊಂಟಾನಾ 1995ರಲ್ಲಿ ಇದಕ್ಕಾಗಿಯೇ ಶಾಸನ ರೂಪಿಸಿದವು. ಶಾಖದಲ್ಲಿ ಸಂಸ್ಕರಿಸಿದ ಗುಳಿಗೆ ರೂಪದ ಮೇವಿಗೆ ವಿನಾಯಿತಿಯಿದೆ, ಏಕೆಂದರೆ ಆ ಶಾಖಕ್ಕೆ ಬೀಜ ಉಳಿಯುವುದಿಲ್ಲ. ಕಾಡಿಗೆ ಹೋಗುವ ಮೂರು ನಾಲ್ಕು ದಿನ ಮೊದಲೇ ಕುದುರೆಗೆ ಪ್ರಮಾಣೀಕೃತ ಹುಲ್ಲನ್ನೇ ತಿನ್ನಿಸಬೇಕೆಂಬ ಸಲಹೆಯೂ ಇದೆ. ಹೊರಡುವ ಮುನ್ನ ಕುದುರೆಯ ಮೈ ಉಜ್ಜಿ, ಗೊರಸಿನ ಸಂದಿನ ಮಣ್ಣು ಕೆರೆದು, ಟ್ರೇಲರ್ ಗುಡಿಸುವುದು ಒಳ್ಳೆಯ ಸವಾರರ ರೂಢಿ.

ಕಳೆಗಳ ಪಟ್ಟಿಯನ್ನು ಒಮ್ಮೆ ನೋಡಿದರೆ ಈ ಎಚ್ಚರ ಏಕೆಂಬುದು ತಿಳಿಯುತ್ತದೆ. ಯೂರೋಪಿನಿಂದ ಬಂದ ಸ್ಪಾಟೆಡ್ ನ್ಯಾಪ್‌ವೀಡ್ ಎಂಬ ನೇರಳೆ ಹೂವಿನ ಗಿಡ ಮೊಂಟಾನಾದಲ್ಲಿ ಲಕ್ಷಾಂತರ ಎಕರೆ ಹುಲ್ಲುಗಾವಲನ್ನು ಆವರಿಸಿ, ಎಲ್ಕ್ ಎಂಬ ದೊಡ್ಡ ಜಿಂಕೆಗಳ ಚಳಿಗಾಲದ ಮೇವನ್ನು ಕಸಿದುಕೊಂಡಿದೆ. ಲೀಫಿ ಸ್ಪರ್ಜ್ ಎಂಬುದರ ಬೇರು ಹಲವು ಮೀಟರ್ ಆಳಕ್ಕೆ ಇಳಿಯುವುದರಿಂದ ಕಿತ್ತಷ್ಟೂ ಚಿಗುರುತ್ತದೆ. ಹೌಂಡ್ಸ್‌ಟಂಗ್ ಎಂಬ ಗಿಡದ ಕಾಯಿಗಳು ಕುದುರೆಯ ಕೂದಲಿಗೆ ಅಂಟಿಕೊಂಡು ಊರೂರು ತಿರುಗುತ್ತವೆ. ಹುಲ್ಲಿನೊಡನೆ ಒಣಗಿದ ಅದರ ಎಲೆ ಹೊಟ್ಟೆ ಸೇರಿದರೆ ಕುದುರೆಯ ಯಕೃತ್ತು ಕೆಡುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಯೆಲ್ಲೊ ಸ್ಟಾರ್‌ಥಿಸಲ್ ಎಂಬ ಹಳದಿ ಮುಳ್ಳುಗಿಡದ ಕಥೆ ಇನ್ನೂ ಕ್ರೂರವಾದುದು. ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಮೇವಿನ ಬಿತ್ತನೆ ಬೀಜದಲ್ಲಿ ಬೆರೆತು ಅದು ಬಂದಿತೆಂದು ಹೇಳಲಾಗುತ್ತದೆ. ಅದನ್ನು ವಾರಗಟ್ಟಲೆ ತಿಂದ ಕುದುರೆಯ ಮೆದುಳಿಗೆ ಗುಣವಾಗದ ಹಾನಿಯಾಗುತ್ತದೆ. ಬಾಯಿ ಆಡಿಸಲಾಗದೆ, ಮುಂದಿಟ್ಟ ಹುಲ್ಲನ್ನು ಅಗಿಯಲಾಗದೆ ಅದು ಹಸಿವಿನಿಂದ ಸಾಯುತ್ತದೆ. ಕುದುರೆಗೆ ತಂದ ಮೇವಿನ ನಂಟಿನಿಂದಲೇ ಕುದುರೆಯ ಸಾವು ಬಂದಂತಾಯಿತು.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ಚಿತ್ರದುರ್ಗ ಜಿಲ್ಲೆಯ ನಮ್ಮ ಹೊಲ. ಪ್ರತಿ ಮಳೆಗಾಲದಲ್ಲಿ ಬದುವಿನ ಉದ್ದಕ್ಕೂ ಬಿಳಿ ಹೂ ಬಿಡುತ್ತಿದ್ದ ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳುತ್ತಿದ್ದ ನನ್ನ ತಂದೆಯ ಮುಂಗೈ, ಕುತ್ತಿಗೆಗಳ ಚರ್ಮ ಕ್ರಮೇಣ ಒರಟಾಗಿ, ಬಿರುಕುಬಿಟ್ಟು, ಬಿಸಿಲಿಗೆ ಹೋದರೆ ಉರಿಯುವಂತಾಯಿತು. ಕೊನೆಗೆ ವೈದ್ಯರು ಹೊಲಕ್ಕೇ ಹೋಗಬೇಡಿರೆಂದರು. ರೈತನಿಗೆ ಹೊಲಕ್ಕೆ ಹೋಗಬೇಡವೆನ್ನುವ ಔಷಧ ಅದೆಂಥದು! ಪಾರ್ಥೇನಿಯಂ ಎಂಬ ಈ ಅಮೆರಿಕ ಮೂಲದ ಕಳೆ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಪಿ.ಎಲ್. 480 ಒಪ್ಪಂದದಡಿ ಆಮದಾದ ಗೋಧಿಯೊಡನೆ ಅದು ಬಂದಿತೆಂಬುದು ವ್ಯಾಪಕವಾಗಿರುವ ಅಭಿಪ್ರಾಯ. ಒಂದೇ ಗಿಡ ಸಾವಿರಾರು ಬೀಜ ಉದುರಿಸುವ ಈ ಕಳೆಯನ್ನು ಕರ್ನಾಟಕ ಸರ್ಕಾರ 1975ರಲ್ಲಿ ಕಾನೂನಿನನ್ವಯ ಪೀಡಕ ಕಳೆಯೆಂದು ಘೋಷಿಸಿತು. ಅದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಿಂದ ಬೆಂಗಳೂರಿನ ಸುತ್ತ ಬಿಡಲಾಯಿತು. ದುಂಬಿ ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬೇಕಾದ ಸ್ಥಿತಿಯೆಂದರೆ ಇದೇ. ಹಡಗಿನಿಂದ ಇಳಿದ ಧಾನ್ಯವನ್ನು ಹೊಟ್ಟೆಗಿಲ್ಲದ ದೇಶ ಕೈಮುಗಿದು ಸ್ವೀಕರಿಸಿತು. ಅದರೊಳಗೆ ಬೇರೇನಿದೆಯೆಂದು ಕೇಳುವ ಸ್ಥಿತಿಯಲ್ಲಿ ಅಂದು ನಾವಿರಲಿಲ್ಲ. ಕೇಳುವ ಸ್ಥಿತಿಯಲ್ಲಿರುವವರು ಕೇಳದಿದ್ದರೆ ಮಾತ್ರ ಅದಕ್ಕೆ ಕ್ಷಮೆಯಿಲ್ಲ.

ಹುಲ್ಲಿನ ಮಾತು ಹೀಗಾದರೆ ಕುದುರೆಯ ಮಾತು ಬೇರೆ. ಅದು ಹೊತ್ತೊಯ್ಯಬಹುದಾದದ್ದು ಬೀಜವಷ್ಟೇ ಅಲ್ಲ, ರೋಗವನ್ನೂ ಒಯ್ಯಬಲ್ಲದು. ಕೊಲರಾಡೊದಿಂದ ವ್ಯೋಮಿಂಗಿಗೋ ಯೂಟಾಕ್ಕೋ ಟ್ರೇಲರಿನಲ್ಲಿ ಕುದುರೆ ಸಾಗಿಸಬೇಕಾದರೆ, ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಪಶುವೈದ್ಯರು ಪರೀಕ್ಷಿಸಿ ನೀಡಿದ ಆರೋಗ್ಯ ಪ್ರಮಾಣಪತ್ರ ಬೇಕು. ಜೊತೆಗೆ ಹನ್ನೆರಡು ತಿಂಗಳೊಳಗಿನ ‘ಕಾಗಿನ್ಸ್’ ರಕ್ತಪರೀಕ್ಷೆಯ ವರದಿ ಬೇಕು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಎಂಬ ವೈರಸ್ ರೋಗವನ್ನು ಪತ್ತೆ ಮಾಡುವ ಈ ಪರೀಕ್ಷೆಯನ್ನು 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿ ಲೆರಾಯ್ ಕಾಗಿನ್ಸ್ ರೂಪಿಸಿದರು. ರಕ್ತ ಹೀರುವ ದೊಡ್ಡ ನೊಣಗಳು ಒಂದು ಕುದುರೆಯಿಂದ ಇನ್ನೊಂದಕ್ಕೆ ದಾಟಿಸುವ ಈ ರೋಗಕ್ಕೆ ಅಮೆರಿಕದಲ್ಲಿ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಸೋಂಕು ಖಚಿತವಾದ ಕುದುರೆಗೆ ಎರಡೇ ದಾರಿ: ದಯಾಮರಣ, ಇಲ್ಲವೇ ಇತರ ಕುದುರೆಗಳಿಂದ ಕನಿಷ್ಠ 200 ಗಜ ದೂರದಲ್ಲಿ ಜೀವನಪರ್ಯಂತ ಒಂಟಿವಾಸ. ಮೇಲ್ನೋಟಕ್ಕೆ ಪೂರ್ಣ ಆರೋಗ್ಯವಂತವಾಗಿ ಕಾಣುವ ಕುದುರೆಯೂ ರೋಗವಾಹಕವಾಗಿರಬಹುದು ಎಂಬುದೇ ಇಲ್ಲಿನ ಕಷ್ಟ. ಯಜಮಾನನ ಪ್ರೀತಿ, ಪ್ರಾಮಾಣಿಕತೆ, ಅನುಭವ ಇವು ಯಾವುವೂ ರಕ್ತಪರೀಕ್ಷೆಗೆ ಬದಲಿಯಾಗಲಾರವು.

ಈ ಪರೀಕ್ಷೆಯಿಂದ ಆದ ಪ್ರಯೋಜನವೇನು? 1970ರ ದಶಕದ ಆರಂಭದಲ್ಲಿ ಪರೀಕ್ಷಿಸಿದ ಪ್ರತಿ ನೂರು ಕುದುರೆಗಳಲ್ಲಿ ಮೂರು ನಾಲ್ಕರಲ್ಲಿ ಸೋಂಕು ಕಾಣುತ್ತಿತ್ತು. ಇಂದು ಹತ್ತು ಸಾವಿರದಲ್ಲಿ ಒಂದರಲ್ಲೂ ಕಾಣುವುದಿಲ್ಲ. ಈಚಿನ ವರ್ಷಗಳ ಪ್ರಕರಣಗಳಲ್ಲಿ ಬಹುಪಾಲು ಅನಧಿಕೃತ ರೇಸುಗಳಲ್ಲಿ ಒಂದೇ ಸೂಜಿಯನ್ನು ಹಲವು ಕುದುರೆಗಳಿಗೆ ಚುಚ್ಚಿದ್ದರಿಂದ ಹುಟ್ಟಿದವು. ಲಸಿಕೆ, ಔಷಧಗಳಿಲ್ಲದ ರೋಗವೊಂದು ಪರೀಕ್ಷೆ ಮತ್ತು ಸಾಗಣೆಯ ಶಿಸ್ತಿನಿಂದಲೇ ಇಷ್ಟು ಹಿಮ್ಮೆಟ್ಟಿರುವುದು ಸಾಮಾನ್ಯ ಸಾಧನೆಯಲ್ಲ.

ಪರೀಕ್ಷೆಯ ಕಾಗದ ಎಲ್ಲವನ್ನೂ ತಡೆಯುತ್ತದೆಂಬ ಭ್ರಮೆಯೂ ಬೇಡ. 2011ರ ಮೇ ತಿಂಗಳಲ್ಲಿ ಯೂಟಾ ರಾಜ್ಯದ ಆಗ್ಡೆನ್ ನಗರದಲ್ಲಿ ನಡೆದ ಕುದುರೆ ಸ್ಪರ್ಧೆಯೊಂದರಿಂದ ಮನೆಗೆ ಮರಳಿದ ಕುದುರೆಗಳು ತಮ್ಮೊಡನೆ ಹರ್ಪಿಸ್ ಜಾತಿಯ ವೈರಸ್ಸನ್ನು ಒಯ್ದವು. ಹತ್ತು ರಾಜ್ಯಗಳಲ್ಲಿ 90 ಕುದುರೆಗಳಿಗೆ ಸೋಂಕು ದೃಢಪಟ್ಟಿತು. 13 ಕುದುರೆಗಳು ಸತ್ತವು, ಇಲ್ಲವೇ ದಯಾಮರಣಕ್ಕೆ ಒಳಗಾದವು. ಪಶ್ಚಿಮದಾದ್ಯಂತ ಸ್ಪರ್ಧೆಗಳು, ಸವಾರಿಗಳು ರದ್ದಾದವು. ಯಾವ ಕುದುರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹುಡುಕುವ ಹೊತ್ತಿನಲ್ಲಿ ನೆರವಿಗೆ ಬರುವುದು ಸಾಗಣೆಯ ಕಾಗದಗಳೇ. ರೋಗ ಬಾರದಂತೆ ತಡೆಯುವುದು ಅವುಗಳ ಅರ್ಧ ಕೆಲಸ; ಬಂದ ರೋಗದ ಜಾಡು ಹಿಡಿಯುವುದು ಉಳಿದರ್ಧ.

ಮೂರನೆಯ ಕಾಗದ ಒಡೆತನದ್ದು. ಕುದುರೆಯ ಚರ್ಮದ ಮೇಲೆ ಒತ್ತಿದ ಮುದ್ರೆಯನ್ನು ಪರಿಶೀಲಿಸಿ ಒಡೆಯನಾರೆಂದು ದೃಢಪಡಿಸುವ ‘ಬ್ರ್ಯಾಂಡ್’ ತಪಾಸಣೆ, ದನಗಳ್ಳರ ಕಾಲದಿಂದ ಉಳಿದುಬಂದದ್ದು. ಕೊಲರಾಡೊದಲ್ಲಿ ಕುದುರೆಯನ್ನು 75 ಮೈಲಿಗಿಂತ ದೂರ ಸಾಗಿಸುವಾಗ ಅಥವಾ ರಾಜ್ಯದ ಹೊರಗೆ ಒಯ್ಯುವಾಗ ಇದು ಕಡ್ಡಾಯ. ಮುದ್ರೆಯಿಲ್ಲದ ಕುದುರೆಗೂ ವಿನಾಯಿತಿಯಿಲ್ಲ. ಇಷ್ಟೆಲ್ಲ ಬಿಗಿಯ ನಡುವೆ ಒಂದು ಸ್ವಾರಸ್ಯವೂ ಇದೆ. ಪಶುರೋಗಗಳ ಜಾಡು ಹಿಡಿಯಲು ಒಕ್ಕೂಟ ಸರ್ಕಾರ 2013ರಲ್ಲಿ ಜಾರಿಗೆ ತಂದ ನಿಯಮಗಳು, ಕುದುರೆಯ ಬೆನ್ನೇರಿಯೇ ಗಡಿ ದಾಟಿ ನೇರವಾಗಿ ಮನೆಗೆ ಮರಳುವವನಿಗೆ ಆರೋಗ್ಯಪತ್ರದಿಂದ ವಿನಾಯಿತಿ ನೀಡುತ್ತವೆ. ಗಡಿಯ ಪಕ್ಕದವನಿಗೆ ಅದು ಅಗತ್ಯವಾದ ರಿಯಾಯಿತಿ. ಕುದುರೆ ತನ್ನ ಕಾಲ ಮೇಲೆ ಹೋಗಬಹುದಾದ ದೂರಕ್ಕೊಂದು ಮಿತಿಯಿದೆ. ಟ್ರೇಲರ್ ಆ ಮಿತಿಯನ್ನು ಅಳಿಸಿತು. ಅಪಾಯ ಬಂದದ್ದು ಕುದುರೆಯಿಂದಲ್ಲ, ವೇಗದಿಂದ.

ಆಕ್ಷೇಪಗಳಿಲ್ಲವೆಂದಲ್ಲ. ಪ್ರಮಾಣೀಕೃತ ಹುಲ್ಲಿಗೆ ಬೆಲೆ ಹೆಚ್ಚು; ಬರಗಾಲದ ವರ್ಷಗಳಲ್ಲಿ ಅದು ಸಿಗುವುದೇ ದುರ್ಲಭ. ಆರೋಗ್ಯಪತ್ರ, ರಕ್ತಪರೀಕ್ಷೆಗಳ ಖರ್ಚು ಸೇರಿದರೆ ವಾರಾಂತ್ಯದ ಸವಾರಿ ಸಣ್ಣ ಸಂಬಳದವರಿಗೆ ಭಾರವಾಗುತ್ತದೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಅರಣ್ಯದಿಂದ ರಾಷ್ಟ್ರೀಯ ಉದ್ಯಾನಕ್ಕೆ ಬದಲಾಗುತ್ತವೆ. ಅದಕ್ಕಿಂತ ಮೂಲಭೂತವಾದ ಪ್ರಶ್ನೆಯನ್ನು ನನ್ನ ನೆರೆಯವರೇ ಒಮ್ಮೆ ಕೇಳಿದರು: ‘ನನ್ನ ಹುಲ್ಲಿಗೆ ಕಾಗದ ಕೇಳುತ್ತಾರೆ, ಗಾಳಿಗೆ ಯಾರು ಕೇಳುತ್ತಾರೆ? ಜಿಂಕೆಗೆ, ಚಾರಣಿಗರ ಬೂಟಿಗೆ, ಕಾರಿನ ಚಕ್ರಕ್ಕೆ ಯಾರು ಕೇಳುತ್ತಾರೆ?’ ಅವರ ಪ್ರಶ್ನೆಗೆ ವಿಜ್ಞಾನದ ಬೆಂಬಲವೂ ಸ್ವಲ್ಪ ಇದೆ. ಅಮೆರಿಕದ ಪೂರ್ವಭಾಗದ ಕಾಡುಹಾದಿಗಳಲ್ಲಿ ನಡೆದ ಅಧ್ಯಯನದಲ್ಲಿ, ಹುಲ್ಲು ಮತ್ತು ಲದ್ದಿಯ ಬೀಜಗಳು ಕುಂಡದಲ್ಲಿ ಸಲೀಸಾಗಿ ಮೊಳೆತರೂ ನಿಜವಾದ ಹಾದಿಯ ಬದಿಯಲ್ಲಿ ನೆಲೆಯೂರಿದವು ಅತ್ಯಲ್ಪವೆಂದು ಕಂಡುಬಂದಿದೆ.

ಈ ವಾದವನ್ನು ಗೌರವಿಸುತ್ತಲೇ ನಾನು ನಿಯಮದ ಪರ ನಿಲ್ಲುತ್ತೇನೆ. ಗಾಳಿಯನ್ನು ತಡೆಯಲಾಗದೆಂಬುದು ಹುಲ್ಲನ್ನು ತಡೆಯದಿರಲು ಕಾರಣವಾಗದು. ಕೈಗೆ ಎಟುಕುವುದನ್ನಾದರೂ ಹಿಡಿಯಬೇಕು. ಹಾದಿಬದಿಯಲ್ಲಿ ನೂರು ಬೀಜಗಳಲ್ಲಿ ತೊಂಬತ್ತೊಂಬತ್ತು ಸತ್ತರೂ ಉಳಿದ ಒಂದು ಗಿಡ ಬೇರೂರಿದರೆ ಸಾಕು. ಪುಣೆಯಲ್ಲಿ ಮೊದಲು ಕಂಡದ್ದೂ ಕೆಲವೇ ಗಿಡಗಳು. ರಸ್ತೆಯ ಪಕ್ಕ ಹುಟ್ಟಿದ ಕಳೆಯನ್ನು ವಾಹನದಲ್ಲಿ ಹೋಗಿ ಕೀಳಬಹುದು. ವಾಹನವೇ ಹೋಗದ ವನ್ಯಪ್ರದೇಶದ ಮಧ್ಯೆ, ಕುದುರೆ ಮಾತ್ರ ತಲುಪಬಲ್ಲ ಕಣಿವೆಯಲ್ಲಿ ಹುಟ್ಟಿದ್ದನ್ನು ಯಾರು ಕೀಳುತ್ತಾರೆ? ಅಷ್ಟು ದೂರ ಹೋಗುವ ಹಕ್ಕು ಸವಾರನಿಗಿರುವುದರಿಂದಲೇ ಅವನ ಹೊಣೆ ಇತರರಿಗಿಂತ ಹೆಚ್ಚಿನದು.

ಗಮನಾರ್ಹ ಸಂಗತಿಯೆಂದರೆ, ಈ ಹೊಣೆಯನ್ನು ಸವಾರರ ಸಂಘಟನೆಗಳೇ ವಹಿಸಿಕೊಂಡಿವೆ. 1973ರಲ್ಲಿ ಮೊಂಟಾನಾದಲ್ಲಿ ಹುಟ್ಟಿದ ‘ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್’ ಸಂಘದ ಸದಸ್ಯರು ಹಾದಿ ದುರಸ್ತಿಗೆ ಉಚಿತವಾಗಿ ದುಡಿಯುತ್ತಾರೆ, ಕಳೆರಹಿತ ಮೇವಿನ ಬಳಕೆಯನ್ನು ತಮ್ಮವರಿಗೆ ತಾವೇ ಬೋಧಿಸುತ್ತಾರೆ. ಅಷ್ಟು ವಿಶಾಲವಾದ ಕಾಡಿನ ಪ್ರತಿ ಹಾದಿಯ ಬಾಯಲ್ಲೂ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ದಂಡದ ಭಯಕ್ಕಿಂತ, ಪಕ್ಕದಲ್ಲಿ ಟ್ರೇಲರ್ ನಿಲ್ಲಿಸಿದ ಇನ್ನೊಬ್ಬ ಸವಾರ ನಮ್ಮ ಪೆಂಡಿಯ ಹುರಿಯ ಬಣ್ಣವನ್ನು ನೋಡುತ್ತಾನೆಂಬ ಸಂಕೋಚವೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಹಾಗೆಂದು ಸರ್ಕಾರಗಳ ಕೆಲಸ ಮುಗಿಯಿತೆಂದಲ್ಲ. ತಪಾಸಣೆಯ ಶುಲ್ಕದಲ್ಲಿ ಸಣ್ಣ ಬೆಳೆಗಾರನಿಗೆ ನೆರವು ಸಿಕ್ಕರೆ ಪ್ರಮಾಣೀಕೃತ ಹುಲ್ಲು ಸುಲಭವಾಗಿ ದೊರೆಯುತ್ತದೆ. ಪಕ್ಕಪಕ್ಕದ ರಾಜ್ಯಗಳು ಒಂದೇ ನಮೂನೆಯ, ಆರು ತಿಂಗಳು ಸಲ್ಲುವ ಆರೋಗ್ಯಪತ್ರವನ್ನು ಒಪ್ಪಿಕೊಂಡರೆ ಅಲೆದಾಟ ತಪ್ಪುತ್ತದೆ. ಹಲವು ರಾಜ್ಯಗಳು ಈಗಾಗಲೇ ಆ ದಾರಿ ಹಿಡಿದಿವೆ. ಪಾಲಿಸಲು ಸುಲಭವಾದ ನಿಯಮವೇ ಹೆಚ್ಚು ಕಾಲ ಬಾಳುತ್ತದೆ.

ಕುದುರೆ ಸವಾರಿಯ ಹವ್ಯಾಸ ಕನ್ನಡ ನಾಡಿನ ಬಹುಪಾಲು ಓದುಗರಿಗೆ ದೂರದ ಮಾತು. ಆದರೆ ಮೇವಿನ ಸಾಗಣೆ ದೂರದ್ದಲ್ಲ. ಬರ ಬಿದ್ದ ವರ್ಷ ಹುಲ್ಲಿನ ಲಾರಿಗಳು ಜಿಲ್ಲೆಯಿಂದ ಜಿಲ್ಲೆಗೆ ಹೊರಡುತ್ತವೆ, ಗೋಶಾಲೆಗಳಲ್ಲಿ ಅದನ್ನು ಹಂಚಲಾಗುತ್ತದೆ. ಹಸಿದ ದನಕ್ಕೆ ಹುಲ್ಲು ಮುಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಹುಲ್ಲು ಯಾವ ಹೊಲದ್ದು, ಅದರಲ್ಲಿ ಯಾವ ಕಳೆಯ ಬೀಜವಿದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದು ಅಪರೂಪ. ಸೆರೆವಾಸದ ಕಾನೂನು ನಮಗೆ ಬೇಕಿಲ್ಲ. ಕೊಯ್ಲಿಗೆ ಮುನ್ನ ಹೊಲವನ್ನೊಮ್ಮೆ ನಡೆದು ನೋಡುವ ಒಬ್ಬ ಕೃಷಿ ಸಹಾಯಕ, ಕಳೆ ಹೂ ಬಿಡುವ ಮೊದಲೇ ಕೊಯ್ಯಿರೆಂಬ ಒಂದು ಸಲಹೆ, ಒಳ್ಳೆಯ ಹುಲ್ಲಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಖರೀದಿ ನೀತಿ, ಇಷ್ಟರಿಂದ ಆರಂಭಿಸಬಹುದು. ತಪಾಸಣೆಗೆ ತಗಲುವ ಖರ್ಚು ಕಣ್ಣಿಗೆ ಕಾಣುತ್ತದೆ. ತಪಾಸಣೆ ಮಾಡದಿರುವುದರ ಖರ್ಚು ಯಾವ ಮುಂಗಡಪತ್ರದಲ್ಲೂ ನಮೂದಾಗುವುದಿಲ್ಲ. ಅದನ್ನು ಬದುವಿನಲ್ಲಿ ಬಗ್ಗಿ ಕಳೆ ಕೀಳುವವರ ಕೈಗಳು ತೆರುತ್ತವೆ.